ಲೋಕ ಸುತ್ತುತ್ತಾ ಮದುವೆ: ಜಂಬ್ರಗಳಲ್ಲಿ ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿಬ್ಬರೂ ಕಾಸರಗೋಡು ಜಿಲ್ಲೆಯವರು. ನನ್ನ ತವರು ಬದಿಯಡ್ಕದ ಕಡೆ, ಇವರ ಮನೆ ಉಪ್ಪಳದ ಹತ್ತಿರ. ಪೂರ್ವಕ್ಕೆ ಹೊರಟು ಪಶ್ಚಿಮದಿಂದ ವಾಪಸು ಬಂದೆವು. ಧಾರೆ ನಡೆದದ್ದು ದಾರಿಯ ನಡುವೆ, ಫಿಜಿಯಲ್ಲಿ. ಬಂದ ಮೇಲೆ ಯಾವ ಜಂಬ್ರಕ್ಕೆ, ಅಂದರೆ ಸಮಾರಂಭಕ್ಕೆ, ಹೋದರೂ ಊಟದ ಪಂಕ್ತಿಯಲ್ಲಿ ಇವೇ ಪ್ರಶ್ನೆಗಳು. ಬೆಂದಿ ಎಂಬ ಮೇಲೋಗರ ಬಡಿಸುವಷ್ಟರಲ್ಲಿ ಉತ್ತರ ಮುಗಿಯುವುದಿಲ್ಲ, ಆದ್ದರಿಂದ ಬರೆದಿಟ್ಟಿದ್ದೇನೆ.

ಸರಿಯಾಗಿ ಹೇಳು, ನಿಮ್ಮ ಮದುವೆ ಆದದ್ದು ಎಲ್ಲಿ?

ಮದುವೆ ಎಂದರೆ ಕಾನೂನು, ಶಾಸ್ತ್ರ, ಊಟ ಎಂಬ ಮೂರು ಕೆಲಸ. ಊರಲ್ಲಿ ಮೂರೂ ಒಂದೇ ಹಾಲ್‌ನಲ್ಲಿ ಒಂದೇ ದಿನ ನಡೆಯುವುದರಿಂದ ಒಂದೇ ಎಂದು ಕಾಣುತ್ತದೆ. ನಾವು ಬಿಡಿಸಿ ಮಾಡಿದೆವು. ಕಾನೂನಿನ ಮದುವೆ ಹೊರಡುವ ಮೊದಲೇ ಊರಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ಶಾಸ್ತ್ರ ಫಿಜಿಯಲ್ಲಿ, ಊಟ ತಿರುಗಿ ಬಂದ ಮೇಲೆ ನಮ್ಮ ಅಂಗಳದಲ್ಲಿ. ನನ್ನ ಅಜ್ಜಿಯ ಲೆಕ್ಕದಲ್ಲಿ ಮದುವೆ ಆದದ್ದು ಧಾರೆ ಎರೆದ ದಿನ, ಸರಕಾರದ ಲೆಕ್ಕದಲ್ಲಿ ರಿಜಿಸ್ಟರಿಗೆ ಸಹಿ ಹಾಕಿದ ದಿನ. ಇಬ್ಬರ ಜೊತೆಯೂ ನಾವು ವಾದಕ್ಕೆ ಹೋಗುವುದಿಲ್ಲ.

ಫಿಜಿಯಲ್ಲೇ ಕಾನೂನು ಪ್ರಕಾರವೂ ಮದುವೆ ಆಗಬಹುದಿತ್ತಲ್ಲ?

ಆಗಬಹುದಿತ್ತು. ವಿದೇಶಿಯರಿಗೂ ಅಲ್ಲಿ ಲೈಸೆನ್ಸ್ ಕೊಡುತ್ತಾರೆ. ಆದರೆ ಆ ಸರ್ಟಿಫಿಕೇಟನ್ನು ಊರಿಗೆ ತಂದ ಮೇಲಿನ ಓಡಾಟ ನೆನೆದು ಬೇಡ ಎನ್ನಿಸಿತು. ಕೇರಳದ 2008ರ ವಿವಾಹ ನೋಂದಣಿ ನಿಯಮದ ಪ್ರಕಾರ, ಮದುವೆ ಯಾವ ಪಂಚಾಯತಿನ ವ್ಯಾಪ್ತಿಯಲ್ಲಿ ನಡೆಯಿತೋ ಅಲ್ಲೇ 45 ದಿನದೊಳಗೆ ನೋಂದಾಯಿಸಬೇಕು. ಫಿಜಿಯಲ್ಲಿ ನಡೆದದ್ದು ನಮ್ಮ ಪಂಚಾಯತಿಗೆ ಸೇರುವುದಿಲ್ಲ. 1969ರ ವಿದೇಶಿ ವಿವಾಹ ಕಾಯ್ದೆಯಡಿ ಭಾರತದ ರಾಯಭಾರ ಕಚೇರಿಯಲ್ಲೂ ಮದುವೆಯಾಗಬಹುದು, ಆದರೆ ಅದಕ್ಕೆ ಇಬ್ಬರಲ್ಲಿ ಒಬ್ಬರಾದರೂ ಮೊದಲು 30 ದಿನ ಅಲ್ಲಿ ವಾಸವಿರಬೇಕು. ಸುತ್ತಾಟಕ್ಕೆ ಹೊರಟವರಿಗೆ ಅದು ಹೊಂದುವುದಿಲ್ಲ.

1954ರ ವಿಶೇಷ ವಿವಾಹ ಕಾಯ್ದೆಯ ದಾರಿ ಸುಲಭ. ಇಬ್ಬರಲ್ಲಿ ಒಬ್ಬರು ಕನಿಷ್ಠ 30 ದಿನದಿಂದ ಆ ಜಿಲ್ಲೆಯಲ್ಲಿ ವಾಸವಿದ್ದರೆ ಸಾಕು, ನೋಟೀಸು ಕೊಡಬಹುದು. ನೋಟೀಸು 30 ದಿನ ಕಚೇರಿಯ ಬೋರ್ಡಿನಲ್ಲಿರುತ್ತದೆ. ಆಕ್ಷೇಪ ಬಾರದಿದ್ದರೆ ಮೂರು ಜನ ಸಾಕ್ಷಿಗಳ ಎದುರು ಸಹಿ. ನೋಟೀಸು ಕೊಟ್ಟ ಮೂರು ತಿಂಗಳೊಳಗೆ ಇದು ಮುಗಿಯಬೇಕು, ಇಲ್ಲವಾದರೆ ಹೊಸ ನೋಟೀಸು. ಸಹಿ ಆದ ಮೇಲೆ ಸಿಗುವ ಸರ್ಟಿಫಿಕೇಟೇ ಮದುವೆಗೆ ನಿರ್ಣಾಯಕ ಸಾಕ್ಷ್ಯ, ಬೇರೆ ಪುರಾವೆ ಬೇಡ. ಆ ಬೋರ್ಡಿನಲ್ಲಿ ನಮ್ಮ ಫೋಟೋ ನೋಡಿದ ಯಾರೋ ಪರಿಚಯದವರು "ನಿಮ್ಮ ಮಗಳು ಓಡಿ ಹೋಗುತ್ತಾಳೆ, ಗೊತ್ತುಂಟಾ?" ಎಂದು ಅಪ್ಪನಿಗೆ ಫೋನ್ ಮಾಡಿದ್ದರು. ಅಪ್ಪ "ಹೌದು, ಟಿಕೆಟು ನಾನೇ ತೆಗೆಸಿಕೊಟ್ಟದ್ದು" ಎಂದರಂತೆ.

ಅಷ್ಟು ದೇಶ ಇರುವಾಗ ಫಿಜಿಯೇ ಯಾಕೆ?

ಸಮುದ್ರ ತೀರದ ಫೋಟೋ ನೋಡಿ ಅಲ್ಲ. ಹಿರಿಯರಿಗೋಸ್ಕರ. ಅಪ್ಪ, ಅಮ್ಮ, ಅತ್ತೆ, ಮಾವ ನಾಲ್ವರೂ ಬರಬೇಕು, ಅವರನ್ನು ವೀಸಾ ಇಂಟರ್‌ವ್ಯೂಗೆಂದು ಚೆನ್ನೈಗೆ ಅಲೆಸಬಾರದು ಎಂಬುದು ನಮ್ಮ ಶರತ್ತು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಫಿಜಿಗೆ ನಾಲ್ಕು ತಿಂಗಳವರೆಗೆ ಮುಂಚಿತ ವೀಸಾ ಬೇಡ. ಆರು ತಿಂಗಳು ಬಾಕಿ ಇರುವ ಪಾಸ್‌ಪೋರ್ಟ್, ವಾಪಸು ಟಿಕೆಟ್, ಖರ್ಚಿಗೆ ಹಣ ಇಷ್ಟಿದ್ದರಾಯಿತು. ಕೊಚ್ಚಿಯಿಂದ ಸಿಂಗಾಪುರ, ಅಲ್ಲಿಂದ ಫಿಜಿಯ ನಾಂದಿ. ಒಂದೇ ಟಿಕೆಟಿನಲ್ಲಿ ಹೋಗಿ ಸಿಂಗಾಪುರದಲ್ಲಿ ವಿಮಾನ ನಿಲ್ದಾಣದಿಂದ ಹೊರಗೆ ಬಾರದಿದ್ದರೆ ಅಲ್ಲಿಯೂ ವೀಸಾ ಬೇಡ. ನಾವಿಬ್ಬರು ಜಪಾನ್ ಕಡೆಯಿಂದ ಬಂದು ಸಿಂಗಾಪುರದಲ್ಲಿ ಅವರನ್ನು ಕೂಡಿಕೊಂಡೆವು.

ಎರಡನೆಯ ಕಾರಣ ಸುಬ್ರಹ್ಮಣ್ಯ. ನಾವು ಇಳಿದ ಊರಿನ ಹೆಸರು ಇಂಗ್ಲಿಷಿನಲ್ಲಿ ನಾಡಿ ಎಂದು ಓದುವಂತೆ ಬರೆದರೂ ಅಲ್ಲಿಯವರ ಬಾಯಲ್ಲಿ ಅದು ನಾಂದಿ. ಅಲ್ಲಿರುವ ಶ್ರೀ ಶಿವ ಸುಬ್ರಹ್ಮಣ್ಯ ಸ್ವಾಮಿ ದೇವಸ್ಥಾನ ಬಣ್ಣಬಣ್ಣದ ಗೋಪುರದ ದ್ರಾವಿಡ ಶೈಲಿಯ ಕಟ್ಟಡ. ಕಬ್ಬಿನ ತೋಟಗಳಿಗೆ ಭಾರತದಿಂದ ಕೂಲಿಗಳನ್ನು ಒಯ್ಯಲು ಶುರುವಾದದ್ದು 1879ರಲ್ಲಿ, 1903ರ ನಂತರ ಮದರಾಸು ಬಂದರಿನಿಂದಲೂ ಹಡಗು ತುಂಬಿಸಿ ಕಳಿಸಿದರು. ಹಾಗೆ ಹೋದ ದಕ್ಷಿಣದವರು ಕಟ್ಟಿಕೊಂಡ ದೇವಸ್ಥಾನಗಳು ಅಲ್ಲಿ ಹಲವು ಇವೆ. ರಾಜಧಾನಿ ಸುವಾದ ಮಾರಿಯಮ್ಮನ ಗುಡಿಯಲ್ಲಿ ವರ್ಷಕ್ಕೊಮ್ಮೆ ಕೆಂಡ ಹಾಯುವ ಸೇವೆ ನಡೆಯುತ್ತದೆ. ನಮ್ಮ ಕಡೆಯ ದೈವ ಕೆಂಡ ಹಾಯುವ ಒತ್ತೆಕೋಲ ನೋಡಿ ಬೆಳೆದ ಮಾವನಿಗೆ ಅದನ್ನು ಹೇಳಿದ್ದೇ ತಡ, ಅವರ ಪ್ರಶ್ನೆಗಳೆಲ್ಲ ನಿಂತವು.

ಮೂರನೆಯದು ಮರಗಿಡ. ತೆಂಗು, ಬಾಳೆ, ಹಲಸು, ಮಾವು, ಕೆಸು, ಅರಸಿನ, ಬೇವಿನಸೊಪ್ಪು ಎಲ್ಲ ಅಲ್ಲಿ ಉಂಟು. ಮದುವೆಯ ಸಾಮಾನಿನಲ್ಲಿ ಅರ್ಧದಷ್ಟನ್ನು ಹೊತ್ತುಕೊಂಡು ಹೋಗುವ ಕಷ್ಟ ತಪ್ಪಿತು.

ಮುಹೂರ್ತ ಯಾವ ಪಂಚಾಂಗದ್ದು?

ತಿಥಿ, ನಕ್ಷತ್ರ ಬದಲಾಗುವ ಕ್ಷಣ ಲೋಕಕ್ಕೆಲ್ಲ ಒಂದೇ, ಗಡಿಯಾರ ಮಾತ್ರ ಬೇರೆ. ಫಿಜಿಯ ಸಮಯ ನಮ್ಮದಕ್ಕಿಂತ ಆರೂವರೆ ಗಂಟೆ ಮುಂದೆ. ಆದರೆ ಲಗ್ನ ಹಾಗಲ್ಲ. ಅದು ಆಯಾ ಊರಿನ ದಿಗಂತದಲ್ಲಿ ಏರುವ ರಾಶಿ, ಆದ್ದರಿಂದ ಊರಿನ ಪಂಚಾಂಗದ ಲಗ್ನಕ್ಕೆ ಆರೂವರೆ ಗಂಟೆ ಕೂಡಿಸಿದರೆ ಲೆಕ್ಕ ತಪ್ಪುತ್ತದೆ. ನಾಂದಿ ಸಮಭಾಜಕದ ದಕ್ಷಿಣಕ್ಕೆ ಸುಮಾರು 18 ಡಿಗ್ರಿಯಲ್ಲಿದೆ, ನಮ್ಮ ಊರು ಉತ್ತರಕ್ಕೆ ಹನ್ನೆರಡೂವರೆ ಡಿಗ್ರಿಯಲ್ಲಿ. ಇಲ್ಲಿ ನಿಧಾನಕ್ಕೆ ಏರುವ ರಾಶಿಗಳು ಅಲ್ಲಿ ಬೇಗ ಏರುತ್ತವೆ, ಇಲ್ಲಿ ಬೇಗ ಏರುವವು ಅಲ್ಲಿ ತಡ. ನಮ್ಮ ಜೋಯಿಸರು ನಾಂದಿಯ ಅಕ್ಷಾಂಶ ಹಾಕಿ ಮತ್ತೊಮ್ಮೆ ಲೆಕ್ಕ ಮಾಡಿ ಮಧ್ಯಾಹ್ನದ ಸ್ವಲ್ಪ ಮೊದಲಿನ ಹೊತ್ತು ಕೊಟ್ಟರು. ಆಗ ಊರಲ್ಲಿ ಬೆಳಗಿನ ಜಾವ. ಅಜ್ಜಿ ಮಿಂದು ಮಡಿಯುಟ್ಟು ಮೊಬೈಲಿನ ಮುಂದೆ ಕುಳಿತು ಅಕ್ಷತೆ ಹಾಕಿದರು. ಸ್ಕ್ರೀನಿನ ಸಂದಿಯಲ್ಲಿ ಅಕ್ಕಿ ಕಾಳು ಸಿಕ್ಕಿಕೊಂಡದ್ದನ್ನು ತಮ್ಮ ಸೂಜಿಯಿಂದ ತೆಗೆದನಂತೆ.

ತಿಂಗಳು ಗೊತ್ತುಮಾಡುವುದು ಇದಕ್ಕಿಂತ ಕಷ್ಟವಾಯಿತು. ಫಿಜಿಯಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ, ಚಂಡಮಾರುತದ ಕಾಲ. ಮೇಯಿಂದ ಅಕ್ಟೋಬರ್ ಒಣಹವೆ, ತಂಪು. ಅದರ ನಡುವೆ ಜುಲೈ ಅರ್ಧದಿಂದ ಆಗಸ್ಟ್ ಅರ್ಧದವರೆಗೆ ನಮಗೆ ಆಟಿ ತಿಂಗಳು, ಶುಭಕಾರ್ಯ ಇಲ್ಲ. "ಅಲ್ಲಿ ಆಟಿಯ ಮಳೆಯೇ ಇಲ್ಲವಲ್ಲ, ಆಟಿ ಹೇಗೆ ಬರುತ್ತದೆ?" ಎಂದು ಇವರು ಕೇಳಿ ನೋಡಿದರು. ಕೇಳಬಾರದಿತ್ತು ಎಂಬ ಹಾಗೆ ಅತ್ತೆ ನೋಡಿದರು. ಕೊನೆಗೆ ತುಳು ತಿಂಗಳಾದ ಬೇಶದ ಮೊದಲ ಭಾಗಕ್ಕೆ, ಅಂದರೆ ಮೇ ಕೊನೆಗೆ ಗೊತ್ತಾಯಿತು.

ಅಡಿಕೆಗೆ ಮದ್ದು ಬಿಡುವ ಹೊತ್ತಿನಲ್ಲಿ ಅಪ್ಪ ತೋಟ ಬಿಟ್ಟು ಹೇಗೆ ಬಂದರು?

ಕೃಷಿಕರೆಲ್ಲ ಕೇಳುವುದು ಇದನ್ನೇ. ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಬಿಡದಿದ್ದರೆ ಕೊಳೆರೋಗ ಗ್ಯಾರಂಟಿ, ಮದ್ದು ಬಿಡುವವರು ಒಮ್ಮೆ ಕೈ ತಪ್ಪಿದರೆ ಮತ್ತೆ ಸಿಗುವುದೂ ಇಲ್ಲ. ಸೋದರಮಾವ ತಮ್ಮ ತೋಟದ ಜೊತೆಗೆ ನಮ್ಮದನ್ನೂ ನೋಡಿಕೊಂಡರು. ಅಪ್ಪ ಫಿಜಿಯಿಂದ ದಿನವೂ ಫೋನ್ ಮಾಡಿ ಸುಣ್ಣ ಎಷ್ಟು, ಮೈಲುತುತ್ತು ಎಷ್ಟು ಎಂದು ವಿಚಾರಿಸುತ್ತಿದ್ದರು. ಆ ಸೋದರಮಾವ ಮೂವತ್ತು ವರ್ಷದಿಂದ ಮದ್ದು ಕಲಸಿದವರು.

ಸಂಕಲ್ಪದಲ್ಲಿ ಏನು ಹೇಳಿದಿರಿ? ಅದು ಪರಶುರಾಮ ಕ್ಷೇತ್ರ ಅಲ್ಲವಲ್ಲ?

ಅಲ್ಲಿಯ ಪುರೋಹಿತರು ತಮಿಳು ಸಂಪ್ರದಾಯದವರು. "ಭರತಖಂಡೇ", "ಪರಶುರಾಮ ಕ್ಷೇತ್ರೇ" ಎಂದು ನಮ್ಮ ನಾಡಿನ ಹೆಸರು ಬರುವ ಜಾಗದಲ್ಲಿ ತಮ್ಮ ದ್ವೀಪಕ್ಕೆ ಒಪ್ಪುವ ಮಾತು ಹಾಕಿ ಸಲೀಸಾಗಿ ಮುಂದೆ ಹೋದರು. ಧಾರೆ, ಕರಿಮಣಿ, ಸಪ್ತಪದಿ ನಮ್ಮ ಕ್ರಮದಂತೆಯೇ ನಡೆದವು.

ಅಡ್ಡ ಬಂದದ್ದು ಧ್ರುವ. ಊರಲ್ಲಿ ಮಟಮಟ ಮಧ್ಯಾಹ್ನ ಹಾಲ್‌ನ ಹೊರಗೆ ನಿಲ್ಲಿಸಿ "ಧ್ರುವ ಕಂಡಿತಾ, ಅರುಂಧತಿ ಕಂಡಳಾ" ಎಂದು ಕೇಳುತ್ತಾರೆ, ನಾವು "ಕಂಡಿತು" ಎನ್ನುತ್ತೇವೆ, ಫೋಟೋಗ್ರಾಫರ್ ಬೆರಳು ಎತ್ತಿ ಹಿಡಿಯಲು ಹೇಳುತ್ತಾನೆ. ಇಲ್ಲಿ ನಿಜವಾಗಿ ರಾತ್ರಿ ನೋಡೋಣ ಎಂದು ಇವರ ಹಟ. ಸಮಭಾಜಕದ ದಕ್ಷಿಣಕ್ಕೆ ಹೋದರೆ ಧ್ರುವ ನಕ್ಷತ್ರ ದಿಗಂತದಿಂದ ಮೇಲೆ ಏರುವುದೇ ಇಲ್ಲ, ಫಿಜಿಯವರು ಅದನ್ನು ಜನ್ಮದಲ್ಲಿ ಕಾಣಲಾರರು. ಆದರೆ ಸಪ್ತರ್ಷಿ ಮಂಡಲ ಮೇ ತಿಂಗಳ ರಾತ್ರಿ ಉತ್ತರದ ಅಂಚಿನಲ್ಲಿ, ತಲೆಕೆಳಗಾಗಿ, ತುಂಬ ತಗ್ಗಿನಲ್ಲಿ ಕಾಣುತ್ತದೆ. ಸುಮಾರು ಒಂಬತ್ತು ಗಂಟೆಗೆ ಕಡಲ ಮೇಲೆ ಮೋಡ ಇರಲಿಲ್ಲ. ವಸಿಷ್ಠ ಸಿಕ್ಕಿದ, ಪಕ್ಕದಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ ಅರುಂಧತಿಯೂ ಸಿಕ್ಕಿದಳು. ಅಮ್ಮನಿಗೆ ಕನ್ನಡಕ ಬದಲಿಸಿ ಹಾಕಿದ ಮೇಲೆ ಕಂಡಿತು. ತಮ್ಮ ಮದುವೆಯಲ್ಲಿ ಕಂಡಿರಲಿಲ್ಲ ಎಂದು ಆಗ ಒಪ್ಪಿಕೊಂಡರು.

ಕರ್ಪೂರ, ತೆಂಗಿನಕಾಯಿ, ಅಡಿಕೆ ವಿಮಾನದಲ್ಲಿ ಒಯ್ಯಬಹುದಾ?

ಕರ್ಪೂರ ಬೇಡ, ಬೇಗ ಬೆಂಕಿ ಹಿಡಿಯುವ ವಸ್ತು ಎಂದು ಕ್ಯಾಬಿನ್, ಚೆಕ್-ಇನ್ ಎರಡರಲ್ಲೂ ಬಿಡುವುದಿಲ್ಲ. ಒಣಕೊಬ್ಬರಿಗೂ ಅದೇ ಗತಿ, ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಉರಿಯುವ ಗುಣ ಅದಕ್ಕಿದೆ. ಚೆಕ್-ಇನ್ ಬ್ಯಾಗಿನಲ್ಲಿ ಬೆಂಕಿಪೆಟ್ಟಿಗೆಯೂ ಇಡುವ ಹಾಗಿಲ್ಲ. ತುಪ್ಪ ಕೈಚೀಲದಲ್ಲಾದರೆ 100 ಮಿಲಿಲೀಟರ್ ಮೀರಬಾರದು. ಗಂಗೆಯ ತಂಬಿಗೆಗೂ ಅದೇ ಲೆಕ್ಕ, ತಾಮ್ರದ ಗಿಂಡಿಯ ಬಾಯಿಗೆ ಬೆಸುಗೆ ಹಾಕಿದ್ದರೆ ಸೆಕ್ಯೂರಿಟಿಯವರಿಗೆ ವಿವರಿಸುವುದು ನಿಮ್ಮ ಹಣೆಬರಹ.

ಅಡಿಕೆ, ಬೀಜ, ಎಲೆ, ಹೂ, ಸಮಿತ್ತು ಇವೆಲ್ಲ ಇಳಿಯುವ ದೇಶದ ಸಸ್ಯ ತಪಾಸಣೆಯವರ ವಿಷಯ. ಫಿಜಿ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ವಿಷಯದಲ್ಲಿ ಬಹಳ ಬಿಗಿ. ಬರೆದುಕೊಡುವ ಕಾರ್ಡಿನಲ್ಲಿ ಎಲ್ಲವನ್ನೂ ಹೇಳಿಬಿಡಿ, ಹೆಚ್ಚೆಂದರೆ ಎತ್ತಿ ಬಿಸಾಡುತ್ತಾರೆ. ಹೇಳದೆ ಸಿಕ್ಕಿಬಿದ್ದರೆ ನ್ಯೂಜಿಲೆಂಡಿನಲ್ಲಿ ಅಲ್ಲೇ 400 ಡಾಲರ್ ದಂಡ. ದುಬೈ ಮೇಲೆ ಹೋಗುವವರು ವೀಳ್ಯದೆಲೆ, ಪಾನ್ ಇಟ್ಟುಕೊಳ್ಳಲೇಬೇಡಿ, ಅಲ್ಲಿ ನಿಷೇಧ. ಹೋಮವನ್ನು ನಾವು ಹೊರಗೆ, ಮಾಡಿನ ಕೆಳಗೆ ಮಾಡಿದೆವು. ಹೋಟೆಲಿನ ಒಳಗೆ ಹೊಗೆ ಎದ್ದರೆ ಅಗ್ನಿಗಿಂತ ಮೊದಲು ಅಗ್ನಿಶಾಮಕದವರು ಬರುತ್ತಾರೆ.

ಚಿನ್ನದ ಬಗ್ಗೆ ಒಂದು ಮಾತು. ಹೊರಡುವಾಗಲೇ ಭಾರತದ ಕಸ್ಟಮ್ಸ್‌ನಲ್ಲಿ ಒಡವೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಬರುವಾಗ ಹೊರಗೆ ಕೊಂಡದ್ದೆಂದು ಸುಂಕ ಕೇಳಿದರೆ ಅದೊಂದೇ ಉತ್ತರ.

ಸುತ್ತಿ ಬರುವ ಟಿಕೆಟು ಒಂದೇ ಸಿಗುತ್ತದಂತೆ, ಹೌದಾ?

ಸಿಗುತ್ತದೆ. ಸ್ಟಾರ್ ಅಲಯನ್ಸ್, ಒನ್‌ವರ್ಲ್ಡ್ ಎಂಬ ವಿಮಾನ ಕಂಪೆನಿಗಳ ಒಕ್ಕೂಟಗಳು ಕೊಡುತ್ತವೆ. ಒಂದೇ ದಿಕ್ಕಿನಲ್ಲಿ ಹೋಗಬೇಕು, ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಎರಡನ್ನೂ ದಾಟಬೇಕು, ಹೊರಟ ದೇಶದಲ್ಲೇ ಮುಗಿಸಬೇಕು, ಅವಧಿ ಒಂದು ವರ್ಷ. ಒನ್‌ವರ್ಲ್ಡ್‌ನಲ್ಲಿ ಗರಿಷ್ಠ 16 ಹಾರಾಟ. ಫಿಜಿ ಏರ್‌ವೇಸ್ 2025ರಲ್ಲಿ ಅದರ ಪೂರ್ಣ ಸದಸ್ಯ ಆದ್ದರಿಂದ ನಮ್ಮ ದಾರಿಗೆ ಹೊಂದುತ್ತಿತ್ತು. ಆದರೂ ನಾವು ಬಿಡಿಬಿಡಿಯಾಗಿಯೇ ತೆಗೆದೆವು, ಯಾಕೆಂದರೆ ಮದುವೆಯ ದಿನ ಬಿಟ್ಟು ಬೇರೆ ಯಾವ ದಿನವನ್ನೂ ಮೊದಲೇ ಕಟ್ಟಿಹಾಕಲು ಇವರಿಗೆ ಮನಸ್ಸಿರಲಿಲ್ಲ. ರಜೆ ಎಣಿಸಿ ಹೊರಡುವವರಿಗೆ ಒಕ್ಕೂಟದ ಟಿಕೆಟೇ ಒಳ್ಳೆಯದು.

ಮಂಗಳೂರಿನಿಂದ ಹೊರದೇಶಕ್ಕೆ ಹೆಚ್ಚಾಗಿ ಇರುವುದು ಗಲ್ಫ್ ವಿಮಾನಗಳು. ಪೂರ್ವಕ್ಕೆ ಹೋಗುವವರು ಕಾಸರಗೋಡಿನಲ್ಲಿ ರೈಲು ಹತ್ತಿ ಆಲುವಾ ಅಥವಾ ಅಂಗಮಾಲಿಯಲ್ಲಿ ಇಳಿದರೆ ಕೊಚ್ಚಿ ವಿಮಾನ ನಿಲ್ದಾಣ ಹತ್ತಿರ.

ವೀಸಾಗಳನ್ನೆಲ್ಲ ಹೊರಡುವ ಮೊದಲೇ ಮಾಡಿಸಿದ್ದಾ?

ದೊಡ್ಡ ಎರಡನ್ನು, ಹೌದು. ಅಮೆರಿಕದ್ದು ಎಲ್ಲಕ್ಕಿಂತ ಮೊದಲು. ಶುಲ್ಕಕ್ಕಿಂತ ಅದರ ಇಂಟರ್‌ವ್ಯೂ ದಿನಾಂಕ ಸಿಗುವುದೇ ಕಷ್ಟ. ಆದರೆ ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಸಿಗುತ್ತದೆ ಮತ್ತು ಅದೊಂದು ಪಾಸ್‌ಪೋರ್ಟಿನಲ್ಲಿದ್ದರೆ ಮೆಕ್ಸಿಕೋ, ಜಾರ್ಜಿಯಾದಂಥ ದೇಶಗಳಿಗೆ ಬೇರೆ ವೀಸಾ ಬೇಡ. ಅಮೆರಿಕದಲ್ಲಿ ಬರೀ ವಿಮಾನ ಬದಲಿಸಲೂ ವೀಸಾ ಬೇಕು ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ.

ಯುರೋಪಿನ ಷೆಂಗೆನ್ ವೀಸಾ ಬೇರೆ ಥರದ ಗಂಟು. ಅರ್ಜಿಯನ್ನು ನೀವು ವಾಸವಿರುವ ದೇಶದಿಂದಲೇ ಹಾಕಬೇಕು, ಹೋಗುವ ದಿನಕ್ಕಿಂತ ಆರು ತಿಂಗಳಿಗೂ ಮೊದಲು ಹಾಕುವ ಹಾಗಿಲ್ಲ. ಊರು ಬಿಟ್ಟು ಎಂಟು ತಿಂಗಳಾದ ಮೇಲೆ ಯುರೋಪು ಮುಟ್ಟುವ ಯೋಜನೆ ಹಾಕಿದರೆ ಎರಡೂ ಒಟ್ಟಿಗೆ ನಡೆಯುವುದಿಲ್ಲ. ಒಂದೋ ಯುರೋಪನ್ನು ಮುಂದಕ್ಕೆ ತರಬೇಕು, ಇಲ್ಲವೇ ನಡುವೆ ಊರಿಗೆ ಬಂದು ಹೋಗಬೇಕು. ನಾವು ಅಮೆರಿಕದಲ್ಲಿ ಉಳಿಯುವುದನ್ನು ಮೊಟಕು ಮಾಡಿ ಯುರೋಪನ್ನು ಆರು ತಿಂಗಳೊಳಗೆ ಹಿಡಿಸಿದೆವು. 2024ರ ಜೂನಿನಿಂದ ಶುಲ್ಕ 90 ಯೂರೋ, ಕನಿಷ್ಠ 30,000 ಯೂರೋದ ವೈದ್ಯಕೀಯ ವಿಮೆ ಕಡ್ಡಾಯ, ಯಾವುದೇ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ವೀಸಾ ನಿಯಮಗಳು ಮೇಲಿಂದ ಮೇಲೆ ಬದಲಾಗುತ್ತವೆ, ಟಿಕೆಟ್ ತೆಗೆಯುವ ವಾರ ಆಯಾ ದೇಶದ ಅಧಿಕೃತ ಪುಟವನ್ನೇ ನೋಡಿ.

ಪಾಸ್‌ಪೋರ್ಟ್ ಹೊಸದು ಮಾಡಿಸುವುದಾದರೆ 60 ಪುಟದ್ದನ್ನೇ ಕೇಳಿ. 36 ಪುಟದ್ದಕ್ಕೆ 1,500, ಇದಕ್ಕೆ 2,000 ರೂಪಾಯಿ. ಕಾಸರಗೋಡಿನ ಹೆಡ್ ಪೋಸ್ಟಾಫೀಸಿನಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ.

ಹೆಸರಿನಲ್ಲಿ ಇನಿಷಿಯಲ್ ಇದ್ದರೆ ತೊಂದರೆಯಾ?

ನಮ್ಮ ಕಡೆ ಇದು ವೀಸಾಕ್ಕಿಂತ ದೊಡ್ಡ ತಲೆನೋವು. ಮಾವನ ಶಾಲೆಯ ಸರ್ಟಿಫಿಕೇಟಿನಲ್ಲಿ ಹೆಸರಿನ ಹಿಂದೆ ಮನೆ ಹೆಸರಿನ ಒಂದು ಅಕ್ಷರ, ರೇಷನ್ ಕಾರ್ಡಿನಲ್ಲಿ ಮಲಯಾಳದಲ್ಲಿ ಬರೆದು ಅದನ್ನು ಇಂಗ್ಲಿಷಿಗೆ ತಂದ ಇನ್ನೊಂದು ಕಾಗುಣಿತ, ಆಧಾರಿನಲ್ಲಿ ಇನಿಷಿಯಲ್ಲೇ ಇಲ್ಲ. ಕನ್ನಡದ ಹೆಸರು ಮಲಯಾಳದ ಮೇಲೆ ಹಾದು ಇಂಗ್ಲಿಷಿಗೆ ಬಂದರೆ ಗುರುತು ಸಿಗದ ಹಾಗಾಗುತ್ತದೆ. ಎಲ್ಲ ಕಾಗದಗಳಲ್ಲಿ ಒಂದೇ ಕಾಗುಣಿತ ಮಾಡಿಸಿಕೊಂಡು, ಇನಿಷಿಯಲ್ ಬಿಡಿಸಿ ಬರೆದು, ಆಮೇಲೆ ಪಾಸ್‌ಪೋರ್ಟಿಗೆ ಹೋಗಿ. ಸರ್‌ನೇಮಿನ ಜಾಗ ಖಾಲಿ ಬಿಡಬೇಡಿ. ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ಯುಎಇ 2022ರ ನವೆಂಬರಿನಿಂದ ವಿಸಿಟ್ ವೀಸಾದಲ್ಲಿ ತಕರಾರು ತೆಗೆಯುತ್ತಿದೆ. ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು", ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಬರುತ್ತದೆ, ಆಮೇಲೆ ಎಲ್ಲ ಕೌಂಟರಿನಲ್ಲೂ ಅದೇ ನಿಮ್ಮ ಹೆಸರು.

ಮದುವೆಯಾದ ಮೇಲೆ ಹೆಸರು ಬದಲಿಸಬೇಕೆಂಬ ಕಾನೂನು ಇಲ್ಲ. ಬದಲಿಸುವ ಆಸೆ ಇದ್ದರೂ ಸುತ್ತಿ ಬಂದ ಮೇಲೆ ಮಾಡಿ. ಟಿಕೆಟ್, ವೀಸಾ, ಪಾಸ್‌ಪೋರ್ಟ್ ಮೂರರಲ್ಲೂ ಒಂದೇ ಹೆಸರು ಬೇಕು.

ದಾರಿಯಲ್ಲಿ ಒಂದು ದಿನ ಕಳೆದುಹೋಗುತ್ತದಂತಲ್ಲ?

ನಮಗೆ ಒಂದು ದಿನ ಹೆಚ್ಚು ಸಿಕ್ಕಿತು. 180 ಡಿಗ್ರಿ ರೇಖಾಂಶ ಫಿಜಿಯ ತವೆಯುನಿ ದ್ವೀಪದ ಮೇಲೇ ಹಾದುಹೋಗುತ್ತದೆ, ದಿನಾಂಕ ರೇಖೆಯನ್ನು ಮಾತ್ರ ಪೂರ್ವಕ್ಕೆ ಬಾಗಿಸಿ ದೇಶಕ್ಕೆಲ್ಲ ಒಂದೇ ತಾರೀಕು ಮಾಡಿದ್ದಾರೆ. ರಾತ್ರಿ ನಾಂದಿಯಲ್ಲಿ ವಿಮಾನ ಹತ್ತಿ ಲಾಸ್ ಏಂಜಲೀಸಿನಲ್ಲಿ ಇಳಿದರೆ ಅದೇ ದಿನದ ಮಧ್ಯಾಹ್ನ. ಅವತ್ತು ಏಕಾದಶಿ ಆಗಿದ್ದರೆ ಉಪವಾಸ ಎರಡು ಸಲವಾ ಎಂದು ದೊಡ್ಡಮ್ಮ ಕೇಳಿದ್ದಾರೆ. ಜೋಯಿಸರು ಇನ್ನೂ ಉತ್ತರ ಕೊಟ್ಟಿಲ್ಲ.

ಸೂಜಿ ಚುಚ್ಚಿಸಿಕೊಳ್ಳಬೇಕಾ?

ಕೆನ್ಯಾ, ಪೆರುವಿನಂಥ ಹಳದಿ ಜ್ವರದ ದೇಶಗಳಿಗೆ ಹೋಗಿ ಬರುವುದಾದರೆ ಬೇಕೇ ಬೇಕು. ಅಂಗೀಕೃತ ಕೇಂದ್ರದಲ್ಲೇ, ಹೋಗುವ ಹತ್ತು ದಿನ ಮೊದಲಾದರೂ ಹಾಕಿಸಿಕೊಳ್ಳಬೇಕು. ಒಮ್ಮೆ ಹಾಕಿಸಿದರೆ ಆಯುಷ್ಯಪೂರ್ತಿ ಸಾಕು. ಹಳದಿ ಕಾರ್ಡ್ ಇಲ್ಲದೆ ಅಲ್ಲಿಂದ ಭಾರತಕ್ಕೆ ಬಂದಿಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಊಟ?

ಅನ್ನ ಸಿಗದ ದೇಶ ಸಿಗಲಿಲ್ಲ. ಜಪಾನಿನಲ್ಲಿ ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ, ನೀರಿನಂಥ ಸಾರಿಗೂ ಮೀನಿನ ರಸ ಹಾಕಿರುತ್ತಾರೆ. ಮೆಕ್ಸಿಕೋದಲ್ಲಿ ಬೀನ್ಸ್ ಕಾಳು, ಮುಸುಕಿನ ಜೋಳದ ರೊಟ್ಟಿ, ಕಾಯಿಮೆಣಸು, ನಮಗೆ ಮನೆಯೇ.

ಖರ್ಚು ಎಷ್ಟಾಯಿತು?

ಎರಡು ಮನೆಯವರೂ ಹಾಲ್, ಪೆಂಡಾಲು, ಡ್ರೆಸ್ಸು ಎಂದು ಇಟ್ಟಿದ್ದ ಹಣ ಮತ್ತು ನಮ್ಮ ಉಳಿತಾಯ. ಅಂಕಿ ಹೇಳಿದರೆ ಕಡಿಮೆ ಎನ್ನುವವರೂ ಹೆಚ್ಚು ಎನ್ನುವವರೂ ಇದ್ದಾರೆ, ಆದ್ದರಿಂದ ಹೇಳುವುದಿಲ್ಲ. ಒಂದು ಉಪಯೋಗದ ಮಾತು: ಊರಿನ ಪ್ರಿಪೇಯ್ಡ್ ಸಿಮ್ 90 ದಿನ ಏನೂ ಬಳಸದಿದ್ದರೆ ಬಂದ್ ಆಗಬಹುದು, ಆಮೇಲೆ ಬ್ಯಾಂಕಿನ ಓಟಿಪಿ ಬರುವುದಿಲ್ಲ. ನಡುನಡುವೆ ಒಂದು ಮೆಸೇಜಾದರೂ ಕಳಿಸುತ್ತಿರಿ.

ದಿನವೂ ಒಟ್ಟಿಗೇ ಇದ್ದು ಜಗಳ ಆಗಲಿಲ್ಲವಾ?

ಆಯಿತು. ಬಹುಪಾಲು ಬಟ್ಟೆ ಒಗೆಯುವ ವಿಷಯದಲ್ಲಿ.

ನಮ್ಮ ಮಗನಿಗೂ ಹೀಗೇ ಮಾಡಬೇಕೆಂದುಂಟು. ಮಾರ್ಚಿನಲ್ಲಿ ಆಗುತ್ತದಾ?

ಮಾರ್ಚಿನಲ್ಲಾದರೆ ಫಿಜಿ ಬೇಡ, ಚಂಡಮಾರುತದ ಕಾಲ. ಮಾರಿಷಸ್ಸಿಗೂ ಅದೇ ಸಮಸ್ಯೆ. ಶ್ರೀಲಂಕಾ ನೋಡಬಹುದು, ಬಿಸಿಲಿದ್ದರೂ ಪಶ್ಚಿಮ ತೀರದಲ್ಲಿ ಅಷ್ಟು ಮಳೆಯಿಲ್ಲ, ಹಿರಿಯರಿಗೆ ಹತ್ತಿರವೂ ಹೌದು. ಈಗಲೇ ಎಲ್ಲರ ಪಾಸ್‌ಪೋರ್ಟಿನ ಹೆಸರು ನೋಡಿ. ಡಿಸೆಂಬರಿನೊಳಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ನೋಟೀಸು ಹೋಗಲಿ, ಜನವರಿ ಕೊನೆಗೆ ಸಹಿ ಆಗುತ್ತದೆ. ಜೋಯಿಸರಿಗೆ ಊರಿನ ಹೆಸರಿನ ಜೊತೆ ಅಕ್ಷಾಂಶ, ರೇಖಾಂಶವನ್ನೂ ಬರೆದುಕೊಡಿ.